ಶಿರಹಟ್ಟಿ ಕಡೆ ಮೋಡ

ಫೆಬ್ರವರಿ 27, ಗುರುವಾರ

ಮೊನ್ನೆ ಹುಬ್ಬಳ್ಳಿಯಲ್ಲಿ ಗಂಟಲೊಳಗಿನ ಎರಡು ಗಂಟು ತೆಗೆದರು. ಜೋಳದ ಕಾಳಿಗಿಂತ ಸಣ್ಣವಂತೆ. ಅಷ್ಟು ಸಣ್ಣವು ಇಷ್ಟು ದೊಡ್ಡ ಹೆಂಗಸಿನ ಬಾಯಿ ಮುಚ್ಚಿಸಿಬಿಟ್ಟವು.

ಡಾಕ್ಟರ್ ಆಯೇಶಾ ಹೇಳಿದ್ದು ಇಷ್ಟು: "ನಾಲ್ಕು ವಾರ ಮಾತು ಬಂದ್. ಪಿಸುಮಾತೂ ಬ್ಯಾಡ. ಒಂದ್ಸಲ ಒದರಿದ್ರಿ ಅಂದ್ರ ಹಸಿ ಗಾಯ ಹರೀತೈತಿ. ಆಮ್ಯಾಲ ದನಿ ಬರ್ತೈತೋ ಇಲ್ಲೋ, ನಾ ಗ್ಯಾರಂಟಿ ಕೊಡೂದಿಲ್ಲ."

ಹದಿಮೂರು ವರ್ಷ ಗದಗಿನ ಬಸ್ಸುಗಳಲ್ಲಿ "ಒಳಗ ಸರೀರಿ, ಹಿಂದ ಜಾಗಾ ಐತಿ" ಎಂದು ಕೂಗಿ ಅನ್ನ ಉಂಡವಳು ನಾನು. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲೆ ಐವತ್ತು ಮಂದಿಯ ಬಸ್ಸಿಗೆ ತೊಂಬತ್ತು ಮಂದಿ. ಅಷ್ಟು ಜನಕ್ಕೆ ಕೇಳಬೇಕೆಂದರೆ ದನಿ ಎಂಜಿನ್ನನ್ನು ದಾಟಿ ಹೋಗಬೇಕು. ಡಿಪೋದಲ್ಲಿ ನನ್ನನ್ನು ಕಂಡಕ್ಟರ್ ಭಾಗ್ಯಾ ಎಂದರೆ ಯಾರಿಗೂ ತಿಳಿಯದು, ಹಾರ್ನ್ ಭಾಗ್ಯಾ ಎನ್ನಬೇಕು. ದನಿ ಬರದಿದ್ದರೆ? ಡಿಪೋದ ಹಿಂದಿನ ಕೋಣೆಯಲ್ಲಿ ಕೂತು ಟೈರಿನ ನಂಬರು ಬರೆದುಕೊಳ್ಳುವ ಕೆಲಸ.

ಗಂಡ ಪ್ರೆಸ್ಸಿನಲ್ಲಿ ಬೈಂಡರ್. ಕತ್ತರಿಸಿ ಉಳಿದ ಹಾಳೆ ಹೊಲಿದು ಈ ಪುಸ್ತಕ ಮಾಡಿಕೊಟ್ಟಿದ್ದಾನೆ. ಮಂದಿಯ ಜೊತೆ ಮಾತಿಗೆ ಒಂದು ಸ್ಲೇಟು ತಂದಿದ್ದಾನೆ. ಎದುರಿಗೆ ಅವನನ್ನು "ರೀ" ಅನ್ನುತ್ತೇನೆ. ಇಲ್ಲಿ ಹೊನ್ನೇಶ ಎಂದೇ ಬರೆಯುತ್ತೇನೆ. ಯಾರು ನೋಡುತ್ತಾರೆ?

ಮಾರ್ಚ್ 2, ರವಿವಾರ

ನನಗೆ ಮಾತು ಬಾರದು, ಕಿವಿ ಕೇಳುತ್ತದೆ. ಇದು ಬೆಟಗೇರಿಯಲ್ಲಿ ಯಾರಿಗೂ ತಿಳಿಯುತ್ತಿಲ್ಲ. ಪಕ್ಕದ ಮನೆಯ ಚನ್ನಮ್ಮ ಬಾಗಿಲಲ್ಲೇ ನಿಂತು, ಗುಡಿಯ ಘಂಟೆಯಂತೆ, "ಊಟಾ ಆತೇನವಾ?" ಎಂದು ಕೂಗಿದರು. ಹೊನ್ನೇಶನೂ ಹಾಗೆಯೇ. ಮೇಲಾಗಿ ಅವನು ಕೆಲಸ ಮಾಡುವಾಗ ಮೂಗಿನಲ್ಲಿ ಹಾಡುತ್ತಾನೆ, ಅದೂ ಒಂದೇ ಸಾಲು. ಹದಿನೇಳು ವರ್ಷದಿಂದ ಹೀಗೆ ಹಾಡುತ್ತಿದ್ದನೋ, ಈಗ ಶುರು ಮಾಡಿದನೋ? ತಲೆ ಚಿಟ್ಟು ಹಿಡಿಯಿತು.

ಹಾಸ್ಟೆಲ್‌ನಿಂದ ಮಗಳು ಸೀಮಾ ಫೋನು ಮಾಡಿದಳು. ಒಂದು ಸಲ ತಟ್ಟಿದರೆ ಹೌದು, ಎರಡು ತಟ್ಟಿದರೆ ಇಲ್ಲ. ಅರ್ಧ ತಾಸು ತಾನೇ ಮಾತಾಡಿ ನಕ್ಕಳು.

ಎಲ್ಲರೂ ಬಂದು ನೋಡಿ ಹೋದರು. ಡೋಣಿಯಿಂದ ತಂಗಿ ಶೈಲಾ ಬರಲಿಲ್ಲ. ಅವಳಿಗೆ ಹೇಳಿದವರು ಯಾರು ಎಂದು ಕೇಳಿದರೆ, ಯಾರೂ ಇಲ್ಲ. ಹೇಳುವುದೂ ಬೇಡ. ಎರಡು ವರ್ಷವಾಯಿತು ಮಾತು ಬಿಟ್ಟು. ಅವ್ವ ತೀರಿಕೊಂಡಾಗ ಸಿಟ್ಟಿನಲ್ಲಿ ನಾನು ಒಂದು ಮಾತು ಅಂದೆ. ಸಿಟ್ಟಿನಲ್ಲಿ ಯಾರು ಅನ್ನುವುದಿಲ್ಲ? ಅದನ್ನೇ ಸೆರಗಿನ ತುದಿಗೆ ಕಟ್ಟಿಕೊಂಡು ಕೂತಿದ್ದಾಳೆ. ಅವಳ ಊರಿನ ಮೇಲೆ ಹೋಗುವ ಬಸ್ಸನ್ನೇ ಬಿಟ್ಟು ನಾನು ಬೇರೆ ರೂಟು ಹಾಕಿಸಿಕೊಂಡೆ. ಆ ಗದ್ದಲದ ರೂಟಿನಲ್ಲೇ ಗಂಟಲು ಹೋಯಿತು. ಲೆಕ್ಕ ಹಾಕಿದರೆ ಇದಕ್ಕೂ ಅವಳೇ ಕಾರಣ.

ಮಾರ್ಚ್ 5, ಬುಧವಾರ

ಗೋಡೆ ನೋಡಿದೆ.

ಮಾರ್ಚ್ 9, ರವಿವಾರ

ಮೌನೇಶ ಬಂದಿದ್ದ. ಆರು ವರ್ಷ ನಾನು ಕಂಡಕ್ಟರ್, ಅವನು ಡ್ರೈವರ್ ಆಗಿ ಒಂದೇ ಬಸ್ಸಿನಲ್ಲಿ ದುಡಿದೆವು. ಹೆಸರಷ್ಟೇ ಮೌನೇಶ. ಚಹಾ ಆರುವ ತನಕ ಒಬ್ಬನೇ ಮಾತಾಡಿದ.

"ಅಕ್ಕಾರ, ಮನ್ಯಾಗ ಕುಂತ್ರ ಹುಚ್ಚ ಹಿಡಿತೈತ್ರಿ. ನಿಮ್ಮ ಕಡೆ ಪಾಸ್ ಐತಿ. ನನ್ನ ಬಸ್ಸಿನ್ಯಾಗ ಬಂದು ಮುಂದಿನ ಸೀಟಿನ್ಯಾಗ ಸುಮ್ನ ಕುಂಡ್ರಿ. ಗಾಳಿ ತಗೋರಿ."

ಸ್ಲೇಟಿನ ಮೇಲೆ ಬರೆದೆ: ನಿನ್ನ ಬಸ್ಸು ಡೋಣಿ ಮೇಲೆ ಹೋಗತೈತಿ.

"ಹೋದ್ರ ಹೋಗ್ಲಿ ಬಿಡ್ರಿ. ನೀವೇನ ಇಳೀತೀರೇನ?"

ಮಾರ್ಚ್ 10, ಸೋಮವಾರ

ಹೋಗಿಬಂದೆ.

ಹದಿಮೂರು ವರ್ಷದಲ್ಲಿ ಮೊದಲ ಸಲ ಕಿಟಕಿಯ ಪಕ್ಕ ಕೂತೆ. ಬಸ್ಸಿನಲ್ಲಿ ನಾನು ನೋಡಿದ್ದು ಬರೀ ಕೈಗಳು. ಟಿಕೆಟ್ಟಿಗೆ ಚಾಚಿದ ಕೈ, ಆಧಾರ್ ಕಾರ್ಡು ಹಿಡಿದ ಕೈ, ಮೇಲಿನ ಕಂಬಿ ಹಿಡಿದ ಕೈ. ಈ ದಾರಿಗೆ ಎರಡು ಕಡೆ ಇಷ್ಟೆಲ್ಲ ಇತ್ತೆಂದು ಗೊತ್ತಿರಲಿಲ್ಲ.

ಅಸುಂಡಿ ದಾಟುವಾಗ ಹೊಲಗಳ ಮೇಲೆ ಹಾಲಿನಂಥ ಬಿಸಿಲು. ಕಡಲೆ ಕಿತ್ತು ಮುಗಿದಿದೆ, ಕರಿ ಭೂಮಿ ಬಾಯಿ ಬಿಟ್ಟುಕೊಂಡು ಮಲಗಿದೆ. ಲಕ್ಷ್ಮೇಶ್ವರದ ಸ್ಟ್ಯಾಂಡಿನಲ್ಲಿ ಸುಳಿಗಾಳಿ ಎದ್ದು ಕಾಗದ, ಸೇಂಗಾದ ಸಿಪ್ಪೆ, ಒಬ್ಬ ಅಜ್ಜನ ಟೋಪಿ ಎಲ್ಲವನ್ನೂ ಸೇರಿಸಿ ಗಿರಗಿರ ತಿರುಗಿಸಿತು. ಅಜ್ಜ ಟೋಪಿಯನ್ನು ಬೆನ್ನಟ್ಟದೆ ಸುಮ್ಮನೆ ನಿಂತ. ಗಾಳಿ ಸುಸ್ತಾಗಿ ಅದನ್ನು ಅವನ ಕಾಲ ಬುಡದಲ್ಲೇ ಇಟ್ಟು ಹೋಯಿತು. ಶಿರಹಟ್ಟಿಯಲ್ಲಿ ಬಿಸಿಲಿದ್ದಂತೆಯೇ ನಾಲ್ಕು ಹನಿ. ಅಲ್ಲಿಂದ ಕಪ್ಪತಗುಡ್ಡ ಏರುತ್ತಿದ್ದ ಹಾಗೆ ಬಸ್ಸಿನೊಳಗೆ ತಂಪು ಬಂತು, ನೀರಿನ ಕೊಡದ ಬಳಿ ಕೂತಂತೆ. ಮುತ್ತಲದ ಗಿಡಗಳಲ್ಲಿ ಎಲೆಯಿಲ್ಲ, ಬರೀ ಕೆಂಪು ಹೂ. ಗಾಳಿಯಂತ್ರಗಳ ಅರ್ಧ ಮೈ ಮೋಡದೊಳಗಿತ್ತು. ರೆಕ್ಕೆ ಮೇಲೆ ಹೋದಾಗ ಇಲ್ಲ, ಕೆಳಗೆ ಬಂದಾಗ ಇದೆ. ಗುಡ್ಡ ಇಳಿದು ಡೋಣಿ, ಡಂಬಳ ದಾಟಿ ಮುಂಡರಗಿ ಮುಟ್ಟಿದರೆ ಒಲೆಯ ಮುಂದೆ ನಿಂತಂತೆ ಝಳ. ಒಂದೇ ಮುಂಜಾನೆಯಲ್ಲಿ ನಾಲ್ಕು ಕಾಲ.

ಡೋಣಿಗೆ ಇಳಿಯುವ ತಿರುವಿನಲ್ಲಿ ದೊಡ್ಡ ಹಾಸುಬಂಡೆಯಿದೆ. ಅದರ ಮೇಲೆ ಹುಣಸೆಹಣ್ಣು ಹರವಿದ್ದರು. ತಲೆಗೆ ವಸ್ತ್ರ ಸುತ್ತಿಕೊಂಡ ಹೆಂಗಸೊಬ್ಬಳು ಬಗ್ಗಿ ಹಣ್ಣು ತಿರುವಿಹಾಕುತ್ತಿದ್ದಳು. ಬೆನ್ನಿನ ಮೇಲೇ ಗುರುತಾಯಿತು. ಶೈಲಾ. ಸೆರಗು ಮುಖಕ್ಕೆ ಎಳೆದುಕೊಂಡೆ.

ಮಾರ್ಚ್ 12, ಬುಧವಾರ

ಮತ್ತೆ ಹೋದೆ. ಗಾಳಿಗಾಗಿ, ಅಷ್ಟೆ.

ಈ ವರ್ಷ ಶೈಲಾ ಮತ್ತು ಅವಳ ಗಂಡ ಫಕೀರೇಶ ಗುಡ್ಡದ ಬುಡದ ಇಪ್ಪತ್ತು ಹುಣಸೆಮರ ಗುತ್ತಿಗೆ ಹಿಡಿದಿದ್ದಾರಂತೆ, ಮೌನೇಶ ಹೇಳಿದ. "ಬಿಸಲ ಚಲೋ ಬಿದ್ರ ಹಣ್ಣ ಕೆಂಪ ಇರತೈತಿ. ಒಂದ ಮಳಿ ಬಿತ್ತಂದ್ರ ಕರ್ರಗಾತು. ಯಾರೂ ಮೂಸೂದಿಲ್ಲ." ನಾನು ಕೇಳಿರಲಿಲ್ಲ. ಅವನೇ ಹೇಳಿದ.

ಮಾರ್ಚ್ 13, ಗುರುವಾರ

ಇವತ್ತು ಶಿರಹಟ್ಟಿ ಬಿಡುವಾಗ ಹಿಂದೆ ತಿರುಗಿ ನೋಡಿದೆ. ಪಡುವಣ ದಿಕ್ಕಿಗೆ ಮೋಡ ಎದ್ದಿತ್ತು, ಬುಡ ಕಪ್ಪು, ನೆತ್ತಿ ಬಿಳಿ. ಗುಡ್ಡ ಹತ್ತಿ ಆಚೆ ಇಳಿದರೆ ನೀಲಿ ಆಕಾಶ. ಶೈಲಾ ಬಂಡೆಯ ತುಂಬ ಹಣ್ಣು ಹರವಿಕೊಂಡು ನಿಶ್ಚಿಂತೆಯಿಂದ ಬೀಜ ಬಿಡಿಸುತ್ತಿದ್ದಳು. ನಡುವೆ ಗುಡ್ಡ. ಅವಳಿಗೆ ಏನೂ ಕಾಣದು.

ನನ್ನ ಕೈ ಸ್ಲೇಟು ಎಳೆದುಕೊಂಡಿತು. ಬರೆದೆ: ಶಿರಹಟ್ಟಿ ಕಡೆ ಮೋಡ. ತೆಗೀಲಿಕ್ಕೆ ಹೇಳು. ನನ್ನ ಹೆಸರು ಹೇಳಬ್ಯಾಡ.

ಮೌನೇಶ ತಿರುವಿನಲ್ಲಿ ಬ್ರೇಕು ಹಾಕಿ ತಲೆ ಹೊರಗೆ ಚಾಚಿದ. "ಏ ತಂಗೀ! ಆಚೆ ಮೋಡ ಕಟ್ಟೈತಿ! ಜಲ್ದಿ ತೆಗಿ!"

ನಾನು ಕಾಲ ಬಳಿ ಏನೋ ಹುಡುಕುವವಳ ಹಾಗೆ ಬಗ್ಗಿದೆ.

ವಾಪಸು ಬರುವಾಗ ಬಂಡೆ ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು. ಹಣ್ಣಿನ ಗುಪ್ಪೆ ತಾಡಪತ್ರಿಯ ಹೊದಿಕೆಯ ಕೆಳಗೆ ನೆನೆಯದೆ ಉಳಿದಿತ್ತು. ಒಳ್ಳೆಯದು. ಯಾರದಾದರೇನು, ಹಣ್ಣು ಹಣ್ಣೇ.

ಮಾರ್ಚ್ 14, ಶುಕ್ರವಾರ

ಹೋಳಿ. ಓಣಿಯಲ್ಲಿ ಹಲಗೆಯ ಬಡಿತ. ಬಣ್ಣ ಹಾಕಲು ಬಂದವರು ನನ್ನ ಬಾಯಿಗೆ ಹೆದರುತ್ತಿದ್ದರು, ಈ ಸಲ ಧೈರ್ಯವಾಗಿ ಹಾಕಿದರು. ಹೊನ್ನೇಶ ಬಿಸಿನೀರು ಕಾಸಿಟ್ಟ. ಅದೇ ಸಾಲು ಹಾಡುತ್ತಿದ್ದ. ಇವತ್ತು ಪೂರ್ತಿ ಕೇಳಿದೆ. ಒಂದೇ ಸಾಲಲ್ಲ, ನಾಲ್ಕಿವೆ. ಮೂರನೆಯದು ಚೆನ್ನಾಗಿದೆ.

ಮಾರ್ಚ್ 17, ಸೋಮವಾರ

ಈಗ ಶೈಲಾ ತಿರುವಿಗೇ ಬಂದು ನಿಲ್ಲುತ್ತಾಳೆ. "ಇವತ್ತ ಆಚೆ ಹೆಂಗೈತ್ರಿ ಅಣ್ಣಾ?"

"ಸ್ವಚ್ಛ ಐತಿ ತಂಗಿ. ಹರವು." ಇದು ಮೌನೇಶನ ಬಾಯಿ, ನನ್ನ ಸ್ಲೇಟು. "ನಮ್ಮ ಬಸ್ಸಿನ್ಯಾಗ ಹವಾಮಾನ ಇಲಾಖಿನ ಐತಿ," ಎಂದು ಬೇರೆ ಸೇರಿಸಿದ. ಸ್ಲೇಟಿನಿಂದ ಅವನ ಬೆನ್ನಿಗೆ ತಿವಿದೆ. ಹೊಸ ಕಂಡಕ್ಟರ್ ಹನಮಂತ ನಕ್ಕ. ಅವನು ಮೆತ್ತಗಿನ ಮನುಷ್ಯ, ಕೂಗುವುದಿಲ್ಲ, ಸೀಟಿನ ತನಕ ಹೋಗಿ ಕೇಳುತ್ತಾನೆ. ಬಸ್ಸು ಹತ್ತು ನಿಮಿಷ ತಡವಾಗುತ್ತದೆ. ಯಾರೂ ಬೈಯಲಿಲ್ಲ.

ಅವಳು ಸೊರಗಿದ್ದಾಳೆ. ಎಡಗೈಗೆ ಬಟ್ಟೆ ಸುತ್ತಿಕೊಂಡಿದ್ದಾಳೆ, ಕುಡಗೋಲು ತಾಗಿರಬೇಕು.

ಮಾರ್ಚ್ 19, ಬುಧವಾರ

ತಪ್ಪಿದೆ. ಲಕ್ಷ್ಮೇಶ್ವರದಿಂದಲೇ ಆಕಾಶ ಮಂಕಾಗಿತ್ತು, ಮಳೆ ಬಂದೇ ಬರುತ್ತದೆಂದು ಬರೆದುಕೊಟ್ಟೆ. ಅವಳು ಎಲ್ಲ ಒಟ್ಟಿ ಮುಚ್ಚಿದಳು. ಮಳೆ ಗುಡ್ಡದ ಈಚೆಯೇ ಸುರಿದು ಮುಗಿಯಿತು. ಆಚೆ ದಿನವಿಡೀ ಬಿಸಿಲು ಸುಮ್ಮನೆ ಹಾಳಾಯಿತು.

ಬಯಲಿಗೆ ಒಂದು ಹವೆ, ಗುಡ್ಡಕ್ಕೆ ಇನ್ನೊಂದು. ಗಾಳಿಯಂತ್ರಗಳು ಯಾವ ಕಡೆ ಮುಖ ಮಾಡಿವೆ ಎಂದು ನೋಡಬೇಕಿತ್ತು, ಗಾಳಿ ಬರುವ ದಿಕ್ಕಿಗೇ ಅವು ಮುಖ ತಿರುಗಿಸುತ್ತವೆ. ನಾಳೆಯಿಂದ ನೋಡುತ್ತೇನೆ. ಮತ್ತೆ ಬರೆಯುತ್ತಿದ್ದೇನೆ, ಗಾಳಿಗಾಗಿ ಹೋಗುತ್ತಿದ್ದೇನೆ.

ಮಾರ್ಚ್ 20, ಗುರುವಾರ

ಮುಂಜಾನೆ ಗುಡ್ಡದ ಮೇಲೆ ಮಂಜು. ಮಾರ್ಚಿನಲ್ಲಿ ಇಂಥ ಮಂಜು ನೋಡಿಲ್ಲ ಎಂದು ಮುದುಕರೂ ಅಂದರು. ದಾರಿ ಕಾಣದೆ ಮೌನೇಶ ಬಸ್ಸು ನಿಲ್ಲಿಸಿ ಎಂಜಿನ್ ಆರಿಸಿದ. ಎಪ್ಪತ್ತು ಮಂದಿ ಒಮ್ಮೆಗೇ ಸುಮ್ಮನಾದರು. ಅಳುತ್ತಿದ್ದ ಕೂಸೂ ಸುಮ್ಮನಾಯಿತು. ಕಿಟಕಿಯಿಂದ ಬಿಳಿ ಒಳಗೆ ಬಂದು ಎಲ್ಲರ ಮೊಣಕಾಲ ಮೇಲೆ ಕೂತಿತು. ನಾವೆಲ್ಲ ಎಲ್ಲೋ ತೇಲುತ್ತಿದ್ದೇವೆ, ಬಸ್ಸಿಗೆ ಗಾಲಿಗಳೇ ಇಲ್ಲ ಎನಿಸಿತು.

ಆಗ ಎರಡು ವರ್ಷದ ಹಿಂದಿನ ನನ್ನ ದನಿ ನನಗೆ ಕೇಳಿಸಿತು. ಅದನ್ನು ಇಲ್ಲಿ ಬರೆದುಬಿಡುತ್ತೇನೆ.

ಅವ್ವ ಮುತ್ತವ್ವ ಎಂಟು ತಿಂಗಳು ಶೈಲಾಳ ಮನೆಯಲ್ಲಿ ಮಲಗಿದ್ದಳು. ಉಣಿಸಿದವಳು, ತೊಳೆದವಳು ಶೈಲಾ. ನಾನು ಡ್ಯೂಟಿ ಮುಗಿಸಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಂಗಳದಲ್ಲಿ ನಲವತ್ತು ಮಂದಿ. ಶೈಲಾ ಎದ್ದು ಬಂದು, "ತಡಾ ಮಾಡಿದೆಕ್ಕಾ. ಅವ್ವ ನಿನ್ನ ದಾರಿ ನೋಡ್ಕೋತ, ಬಾಗಲಾ ನೋಡ್ಕೋತ ಜೀವಾ ಬಿಟ್ಳು," ಅಂದಳು. ನಾನು ಬಸ್ಸಿನ ದನಿಯಲ್ಲಿ ಒದರಿದೆ: "ನೀ ಬಂಜಿ. ತಾಯಿ-ಮಕ್ಕಳ ಕರಳು ನಿನಗೇನ ಗೊತ್ತು?"

ಹನ್ನೊಂದು ವರ್ಷ ಅವಳು ಆಸ್ಪತ್ರೆ ಸುತ್ತಿದ್ದು ನನಗೆ ಗೊತ್ತಿತ್ತು. ಎರಡು ಸಲ ನಾನೇ ಜೊತೆಗೆ ಹೋಗಿದ್ದೆ.

ಮಂಜು ಸರಿಯಿತು. ಬಸ್ಸು ಹೊರಟಿತು.

ಮಾರ್ಚ್ 22, ಶನಿವಾರ



ಮುಂಜಾನೆ "ಸ್ವಚ್ಛ" ಎಂದು ಬರೆದುಕೊಟ್ಟವಳು ನಾನೇ. ಸ್ವಚ್ಛವೇ ಇತ್ತು. ಮಧ್ಯಾಹ್ನ ಮುಂಡರಗಿಯಲ್ಲಿ ಗಾಳಿ ಪೂರ್ತಿ ನಿಂತುಹೋಯಿತು. ಬೇವಿನ ಮರದ ಚಿಗುರೂ ಅಲುಗಲಿಲ್ಲ. ವಾಪಸು ಹೊರಟು ಡಂಬಳ ದಾಟುವಾಗ ಹಿಂದಿನ ಗಾಜಿನಲ್ಲಿ ನೋಡಿದರೆ ಮೂಡಣ ದಿಕ್ಕು ಹಿತ್ತಾಳೆಯ ಬಣ್ಣಕ್ಕೆ ತಿರುಗಿ ನಮ್ಮ ಬೆನ್ನು ಹತ್ತಿತ್ತು. ಡೋಣಿಯಿಂದ ಏರು ಹತ್ತುವಷ್ಟರಲ್ಲಿ ಗಾಳಿಯಂತ್ರಗಳೆಲ್ಲ ಒಂದೊಂದಾಗಿ ಕತ್ತು ತಿರುಗಿಸಿ ಅದನ್ನೇ ನೋಡುತ್ತಿದ್ದವು.

ಬಂಡೆಯ ಆಚೆ ತುದಿಯಲ್ಲಿ ಒಂಟಿ ಹುಣಸೆಮರ. ಅದರ ಬುಡದಲ್ಲಿ ಶೈಲಾ, ನಮಗೆ ಬೆನ್ನು ಮಾಡಿ, ಬಿದ್ದ ಹಣ್ಣು ಆಯುತ್ತಿದ್ದಳು. ಒಬ್ಬಳೇ. ಫಕೀರೇಶ ಚೀಲ ಹಾಕಿಕೊಂಡು ಶಿರಹಟ್ಟಿಗೆ ಹೋಗಿದ್ದ. ಮೌನೇಶ ಹಾರ್ನ್ ಒತ್ತಿದ. ಹನಮಂತ, ಹೆಂಗಸರು, ಎಲ್ಲ ಕೂಗಿದರು. ಗಾಳಿ ಆ ಕೂಗನ್ನೆಲ್ಲ ನಮ್ಮ ಬಾಯಿಗೇ ತಿರುಗಿ ತುರುಕಿತು. ತಲೆಗೆ ವಸ್ತ್ರ ಸುತ್ತಿದ ಅವಳಿಗೆ ಏನೂ ಕೇಳಿಸಲಿಲ್ಲ. ಮಿಂಚು ಗುಡ್ಡದ ನೆತ್ತಿಗೆ ಬಡಿಯಿತು.

ನನ್ನ ದನಿ ಅಲ್ಲಿಗೆ ಮುಟ್ಟುತ್ತಿತ್ತು. ಹಳೆಯ ದನಿ. ಬಾಯಿ ತೆರೆದೆ. ಅದೇ ದನಿ, ಅದೇ ಶೈಲಾ. ಮುಚ್ಚಿದೆ. ಇಳಿದು ಓಡಿದೆ.

ಒಂದು ಚಪ್ಪಲಿ ಎಲ್ಲಿ ಹೋಯಿತೋ. ಬಂಡೆಯ ನಡುವಿಗೆ ಬಂದಾಗ ಮೊದಲ ಆಣೆಕಲ್ಲು ಹೆಗಲಿಗೆ ಬಿತ್ತು, ನಿಂಬೆಕಾಯಿಯಷ್ಟು. ಅವಳ ರಟ್ಟೆ ಹಿಡಿದು ಎಳೆದೆ. ಬೆದರಿ ಕೊಸರಿಕೊಂಡಳು, ಮುಖ ನೋಡಿ ನಿಂತಳು, ಆಮೇಲೆ ಅವಳೇ ಓಡಿದಳು. ಮರದಿಂದ ದೂರ, ಬಂಡೆಯ ತಗ್ಗಿನಲ್ಲಿ, ಹಣ್ಣಿನ ಗುಪ್ಪೆಯ ಪಕ್ಕ ತಾಡಪತ್ರಿ ಎಳೆದುಕೊಂಡು ಇಬ್ಬರೂ ಮುದುರಿ ಕೂತೆವು. ಮೇಲೆ ಕಲ್ಲು ಸುರಿಯುತ್ತಿತ್ತು, ಹತ್ತು ಹಲಗೆ ಒಟ್ಟಿಗೆ ಬಾರಿಸಿದಂತೆ. ಒಳಗೆ ಹುಣಸೆಯ ಹುಳಿ ವಾಸನೆ, ಒದ್ದೆ ಮಣ್ಣಿನ ವಾಸನೆ.

"ಈಗೂ ಮಾತಾಡೂದಿಲ್ಲೇನು?" ಅಂದಳು.

ಅವಳ ಕೈ ತಂದು ನನ್ನ ಗಂಟಲ ಮೇಲೆ ಇಟ್ಟು ತಲೆ ಆಡಿಸಿದೆ.

"ದನಿ ಹೋತೇನ?"

ನಾಲ್ಕು ಬೆರಳು ತೋರಿಸಿದೆ, ಆಮೇಲೆ ಅವಳ ಬೆನ್ನಿನ ಮೇಲೆ ಬೆರಳಿನಿಂದ "ವಾರ" ಎಂದು ಬರೆದೆ. ಸಣ್ಣವರಿದ್ದಾಗ ಹಾಗೆ ಆಡುತ್ತಿದ್ದೆವು. ಅವಳಿಗೆ ಗೊತ್ತಾಯಿತು.

"ಅದಕ್ಕಽ ಸ್ಲೇಟು ಹಿಡದಿದ್ದಿ," ಅಂದಳು. "ಹೇಳಸಾಕಿ ನೀನ ಅಂತ ನನಗ ಎರಡನೇ ದಿನಾನ ಗೊತ್ತಾತು. ಮೌನೇಶಣ್ಣಗ ಮುಗಲ ನೋಡೂ ಚಟಾ ಎಂದಿತ್ತು? ಕಿಟಕ್ಯಾಗ ನಿನ್ನ ಸೆರಗ, ಸ್ಲೇಟ ಕಾಣತಿತ್ತು. ನನ್ನ ಮ್ಯಾಲಿನ ಸಿಟ್ಟಿಗೆ ಬಾಯಿ ಬಿಡವಲ್ಲಿ ಅಂತ ತಿಳಕೊಂಡಿದ್ದೆ."

 ಆಮೇಲೆ ಅವಳು ನನ್ನ ಕಡೆ ನೋಡದೆ, ಬೀಜ ಬಿಡಿಸುತ್ತ ಬಿಡಿಸುತ್ತ ಹೇಳಿದಳು:

"ಅಕ್ಕಾ, ಅವ್ವ ಬಾಗಲಾ ನೋಡ್ಕೋತ ಹೋದ್ಳು ಅಂದ್ನಲ್ಲಾ, ಅದು ಖರೆ ಅಲ್ಲ. ನಿದ್ದಿಯಾಗ ಹೋದ್ಳು. ಅಕಿಗೆ ಯಾರ ನೆಪ್ಪೂ ಇರಲಿಲ್ಲ, ನನ್ನ ನೆಪ್ಪೂ ಇರಲಿಲ್ಲ. ಎಂಟ ತಿಂಗಳ ಸಿಟ್ಟು ನನ್ನ ಹೊಟ್ಟ್ಯಾಗಿತ್ತು. ನಿನಗ ನಟ್ಟಲಿ ಅಂತನ ಅಂದೆ."

ಎರಡು ವರ್ಷ ನಾನು ಆ ಬಾಗಿಲನ್ನು ನೋಡಿದ್ದೇನೆ. ಬಸ್ಸಿನ ಬಾಗಿಲು ತೆರೆದಾಗಲೆಲ್ಲ ನೋಡಿದ್ದೇನೆ.

"ಆದ್ರ ನೀ ಅಂದಿದ್ದು..." ಅಂದು ಅವಳು ನಿಲ್ಲಿಸಿದಳು. 

ನನ್ನಲ್ಲಿ ಹೇಳುವುದಿತ್ತು. ಹೇಳಲು ಬರುವಂತಿರಲಿಲ್ಲ. ಬೆನ್ನಿನ ಮೇಲೆ ಬರೆದು ಮುಗಿಸುವ ಮಾತೂ ಅದಾಗಿರಲಿಲ್ಲ. ಕಲ್ಲು ನಿಂತು ಮಳೆಯಾಯಿತು, ಮಳೆ ನಿಂತು ಬಿಸಿಲಾಯಿತು. ಹೊರಗೆ ಬಂದರೆ ಬಂಡೆಯೆಲ್ಲ ಬೆಳ್ಳಗೆ, ಮೊಗ್ಗು ಸುರಿದಂತೆ. ಕೆಳಗೆ ಬಯಲು ಕರ್ರಗೆ ಹಸಿಯಾಗಿ ಮುಂಡರಗಿಯ ತನಕ ಹೊಗೆಯಾಡುತ್ತಿತ್ತು. ಹಣ್ಣಿನಲ್ಲಿ ಅರ್ಧ ಹೋಯಿತು, ಅರ್ಧ ಉಳಿಯಿತು. ಬಸ್ಸಿನ ಹೆಂಗಸರು ಇಳಿದು ಬಂದು ಆಣೆಕಲ್ಲು ಆಯ್ದು ಚೆಲ್ಲಿದರು.

ಮಾರ್ಚ್ 23, ರವಿವಾರ

ಜ್ವರ. ಹೊನ್ನೇಶ ಕೆಸರಾದ ಸೀರೆ ಒಗೆದು ಹಾಕಿದ್ದಾನೆ. ಏನಾಯಿತೆಂದು ಕೇಳಲಿಲ್ಲ. ಮೂರನೆಯ ಸಾಲು ಬಂದಾಗ ನಾನು ಮಂಚದ ಮೇಲೆ ತಾಳ ತಟ್ಟಿದೆ. ತಿರುಗಿ ನೋಡಿದ. ಮತ್ತೆ ಹಾಡಿದ.

ಮಾರ್ಚ್ 27, ಗುರುವಾರ

ಹುಬ್ಬಳ್ಳಿ. ಡಾಕ್ಟರ್ ಆಯೇಶಾ ಗಂಟಲೊಳಗೆ ಬೆಳಕು ಬಿಟ್ಟು ನೋಡಿ, "ಈಗ ಮೆತ್ತಗ 'ಆ' ಅನ್ರಿ," ಅಂದರು.

ಬಂತು. ಹರಕಲು, ಸಣ್ಣದು, ಒಣಗಿದ ಎಲೆಯ ಮೇಲೆ ಇಲಿ ನಡೆದಂತೆ.

"ಇಷ್ಟು ಬಂದದ್ದು ದೊಡ್ಡದು. ಇನ್ನೂ ತಿಳಿಯಾಗತೈತಿ. ಆದ್ರ ಮದ್ಲಿನ ಹಂಗ ಒದರೂದು ಮರತಬಿಡ್ರಿ. ಡ್ಯೂಟಿಗೆ ಹೋಗ್ರಿ, ಸೀಟಿ ಊದ್ರಿ, ಹತ್ರ ಹೋಗಿ ಮಾತಾಡ್ರಿ. ಎದುರಿಗೆ ಕೂತವರಿಗೆ ಕೇಳಿದ್ರ ಸಾಕು."

ಹೊನ್ನೇಶ ಕಣ್ಣು ಒರೆಸಿಕೊಂಡ. ನನಗೆ ಅಷ್ಟೇನೂ ಅನಿಸಲಿಲ್ಲ. ಬರುವಾಗ ಕುರ್ತಕೋಟಿ ಕಡೆಯ ಹೊಲಗಳ ಮೇಲೆ ಎರಡು ಮೋಡದ ನೆರಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಅದನ್ನೇ ನೋಡುತ್ತ ಬಂದೆ. ಡಿಪೋಗೆ ಹೋಗಿ ಹಳೆಯ ರೂಟು ಬೇಕೆಂದು ಅರ್ಜಿ ಕೊಟ್ಟೆ.

ಮಾರ್ಚ್ 29, ಶನಿವಾರ

ನಾಳೆ ಯುಗಾದಿ. ಇವತ್ತೊಂದು ದಿನ ಪ್ರಯಾಣಿಕಳಾಗಿ ಹೋದೆ.

ಗಾಳಿ ಪಡುವಣದಿಂದ, ಹಗುರ. ಹೊಂಗೆ ಹೂ ಬಿಟ್ಟಿದೆ. ಗುಡ್ಡದ ಮೇಲೆ ಮಳೆಯಾದ ಒಂದೇ ವಾರಕ್ಕೆ ಹುಲ್ಲು ಮೂಡಿದೆ, ಕಂಡೂ ಕಾಣದಷ್ಟು. ಓರೆಯಾಗಿ ನೋಡಿದರೆ ಹಸಿರು, ನೆಟ್ಟಗೆ ನೋಡಿದರೆ ಮಣ್ಣು.

ತಿರುವಿನಲ್ಲಿ ಶೈಲಾ ನಿಂತಿದ್ದಳು, ಹಬ್ಬದ ಬೇವಿನ ಪಾನಕಕ್ಕೆಂದು ಹೊಸ ಹುಣಸೆಹಣ್ಣಿನ ಗಂಟು ಹಿಡಿದು. ಬಸ್ಸಿನ ತುಂಬ ಸಂತೆಯ ಮಂದಿ. ನಾನು ಇಳಿದು ಅವಳ ಮುಂದೆ ನಿಂತೆ. ವಾರದಿಂದ ಜೋಡಿಸಿಟ್ಟ ಮಾತೆಲ್ಲ ಎಲ್ಲೋ ಹೋಯಿತು. ಉಳಿದಿದ್ದನ್ನು ಹೇಳಿದೆ.

"ಏನಂದಿ?" ಶೈಲಾ ಕಿವಿಗೆ ಕೈ ಹಿಡಿದಳು. "ಎಂಜಿನ್ ಸಪ್ಪಳಕ್ಕ ಕೇಳಸ್ಲಿಲ್ಲ."

ಜೋರಾಗಿ ಹೇಳಲು ನನ್ನಿಂದ ಆಗದು. ಮೌನೇಶ ಎಂಜಿನ್ ಆರಿಸಿದ. ಬಸ್ಸಿನವರೆಲ್ಲ ಕಿಟಕಿಗೆ ಬಂದರು, ಏನೋ ಆಗಿದೆ ಎಂದುಕೊಂಡು ಸುಮ್ಮನಾದರು. ಗಾಳಿಯಂತ್ರದ ರೆಕ್ಕೆ ಸುಯ್ ಎನ್ನುವುದೂ ಕೇಳುತ್ತಿತ್ತು. ಅಷ್ಟು ಮಂದಿಯ ಮುಂದೆ, ಇರುವಷ್ಟೇ ದನಿಯಲ್ಲಿ, ಇನ್ನೊಮ್ಮೆ ಹೇಳಿದೆ.

"ಶೈಲಾ, ಅವತ್ತ ನಾ ಅಂದ ಮಾತು ಅನಬಾರದಿತ್ತು. ನೀ ಅವ್ವಗ ತಾಯಿ ಆಗಿದ್ದಿ. ನಾ ಮಗಳೂ ಆಗಲಿಲ್ಲ. ತಪ್ಪಾತು."

ಅವಳು ಹುಣಸೆಹಣ್ಣಿನ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಬಸ್ಸಿನ ಕಿಟಕಿಗಳನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದಳು.

"ಮದ್ಲಽ ಕೇಳಿಸಿತ್ತು," ಅಂದಳು. "ಎಲ್ಲಾರ ಮುಂದ ಒಮ್ಮಿ ಕೇಳಬೇಕನಿಸ್ತು."

ಆಮೇಲೆ ಅವಳೇ ಮೊದಲು ಬಸ್ಸು ಹತ್ತಿದಳು. ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು, ನನಗೆ ಜಾಗ ಬಿಟ್ಟು, ಕೈ ಚಾಚಿದಳು. ಎಂಜಿನ್ ಶುರು ಮಾಡುವುದನ್ನು ಮೌನೇಶ ಮರೆತೇಬಿಟ್ಟಿದ್ದ.